ಮೆಣಸಿನಕಾಯಿಯ ಮೇಲೆ ಹೊರಿಸಿದ ಪಾಪ

ರೇಣುಕಾ, ನಿಮ್ಮವ್ವನಿಗೆ ನಾನು ಸುಳ್ಳು ಹೇಳಿದೆ. ಗೊತ್ತಿಲ್ಲದೆ ಆಡಿದ ಮಾತಲ್ಲ ಅದು — ಗೊತ್ತಿದ್ದೂ ಹೇಳಿದ್ದು. ಆಕೆಯನ್ನು ತಿಂದದ್ದು ಮೆಣಸಿನಕಾಯಿ ಎಂದು ಇಡೀ ಊರು ನಂಬಿದೆ, ನೀನೂ ನಂಬಿದ್ದೀಯ. ಆ ಮಾತು ಹುಟ್ಟಿದ್ದು ನನ್ನ ಬಾಯಲ್ಲಿ.

ಆಗ ನಾನೂ ನಿಮ್ಮವ್ವ ಗಂಗವ್ವನೂ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದೆವು. ಒಂದೇ ಟೆಂಪೊ, ಒಂದೇ ರಾಶಿ, ಹಂಚಿಕೊಂಡು ಉಣ್ಣುವ ಬುತ್ತಿ. ಖಾರದ ಕೈ ಎಷ್ಟು ತೊಳೆದರೂ ಹೋಗುವುದಿಲ್ಲ. ಆ ಕೈಯಲ್ಲಿ ಒಂದಕ್ಕೆ ಕುಂತು ಎದ್ದರೆ ದೇವರೇ ಗತಿ. ಅದಕ್ಕೇ ಹೆಂಗಸರು ಸಂಜೆಯ ತನಕ ನೀರು ಕುಡಿಯುತ್ತಿರಲಿಲ್ಲ. ಆ ಸಂಕಟವನ್ನೂ ನಗೆ ಮಾಡುತ್ತಿದ್ದವಳು ನಾನು. ಬಾಯಿ ಜೋರು ನನ್ನದು. ಬಿಳಿಸೆರಗು ಹೋಗುತ್ತದೆ ಎಂದು ಒಮ್ಮೆ ಹೇಳಿಕೊಂಡ ಹೆಂಗಸೊಬ್ಬಳನ್ನು ಆಡಿಕೊಂಡು ಆಡಿಕೊಂಡು, ಯಾರೂ ಆಕೆಯ ಪಕ್ಕ ಕೂರದ ಹಾಗೆ ಮಾಡಿದ್ದೆ.

ಆಮೇಲೆ ಅದೇ ನನಗೂ ಬಂತು — ವಾಸನೆ, ನಡುನೋವು, ಮುಟ್ಟಿಲ್ಲದ ದಿನವೂ ರಕ್ತ. ಅಕ್ಕನ ಮನೆಗೆ ಎಂದು ಹೇಳಿ ರಾಣೆಬೆನ್ನೂರಿಗೆ ಹೋದೆ. ಗರ್ಭಚೀಲದ ಬಾಯಲ್ಲಿ ಗಾಯ ಇದೆ, ಹಾಗೇ ಬಿಟ್ಟಿದ್ದರೆ ಕ್ಯಾನ್ಸರ್ ಆಗುತ್ತಿತ್ತು, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರಮ್ಮ. ಸುಟ್ಟು ತೆಗೆದರು. ವಾಸಿಯಾಯಿತು. ಗಂಡನಿಗೂ ಹೇಳಲಿಲ್ಲ.

ಅದಾಗಿ ಕೆಲವು ತಿಂಗಳಿಗೆ ಗಂಗವ್ವ ಬುತ್ತಿ ಬಿಚ್ಚುವಾಗ ನನ್ನ ಕಿವಿಯ ಹತ್ತಿರ ಬಾಗಿದಳು.

"ಶಾಂತಕ್ಕಾ, ಬಿಳಿ ಹೋಗಾಕತ್ತೈತಿ. ಉರಿ ಅಂದ್ರ ಉರಿ. ಒಮ್ಮೊಮ್ಮೆ ರಕ್ತಾನೂ ಕಾಣತೈತಿ. ಏನರ ರೋಗ ಇದ್ದೀತೇನ?"

ರಾಣೆಬೆನ್ನೂರಿಗೆ ನಡೆ ಎಂದರೆ, ನಿನಗೆ ಹೇಗೆ ಗೊತ್ತು ಅನ್ನುತ್ತಾಳೆ. ಆಮೇಲೆ ಟೆಂಪೊದಲ್ಲಿ ನನ್ನ ಪಕ್ಕ ಯಾರು — ನಾನು ಇನ್ನೊಬ್ಬಳಿಗೆ ಮಾಡಿದ್ದನ್ನೇ ನನಗೂ —

"ಖಾರದ ಕೈ ಹತ್ತಿರತೈತಿ ಬಿಡ. ಸಾಬೂನು ಹಚ್ಚಿ ತೊಳಕೊ," ಅಂದೆ. ನಕ್ಕೆ ಕೂಡ.

ಆಕೆ ನಂಬಿದಳು. ಉರಿ ನಿಂತೀತೆಂದು ತೊಟ್ಟಿನ ಕೆಲಸವನ್ನೇ ಬಿಟ್ಟು ಹೊಲದಲ್ಲಿ ಕಳೆ ತೆಗೆಯಲು ಹೋದಳು. ನಿಲ್ಲಲಿಲ್ಲ. ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ಕೈಮೀರಿತ್ತು. ಮಲಗಿದಲ್ಲಿಂದಲೇ, ನೋಡಲು ಬಂದವರಿಗೆಲ್ಲ, "ನನ್ನ ಮಗಳನ್ನ ಮೆಣಸಿನಕಾಯಿಗೆ ಕಳಸಬ್ಯಾಡ್ರಿ" ಅನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕುಂತು ಗಂಜಿ ಕುಡಿಸುತ್ತಿದ್ದೆ. ಆಗಲೂ ಹೇಳಲಿಲ್ಲ. ಇಂಥ ಗೆಳತಿ ಸಿಗುವುದು ಪುಣ್ಯ ಎಂದು ಜನ ಹೊಗಳಿದರು. ಅದನ್ನೂ ಸುಮ್ಮನೆ ಕೇಳಿಸಿಕೊಂಡೆ. ಮಾತು ಮನೆ ಕೆಡಿಸಿತು ಅನ್ನುತ್ತಾರೆ. ನನ್ನ ಮಾತು ಕೆಡಿಸಿದ್ದು ನಿಮ್ಮ ಮನೆಯನ್ನು.

ಇದನ್ನು ನುಂಗಿಕೊಂಡೇ ಸಾಯುತ್ತಿದ್ದೆನೋ ಏನೋ — ಅಷ್ಟು ಹೇಡಿ ನಾನು. ಆದರೆ ಮೊನ್ನೆ ಆಶಾ ಕಾರ್ಯಕರ್ತೆ ಗರ್ಭಚೀಲದ ಕ್ಯಾನ್ಸರ್ ಪರೀಕ್ಷೆಗೆ ಕರೆಯಲು ಬಂದಾಗ ನಾನು ನಿನ್ನ ಮನೆಯ ಕಟ್ಟೆಯ ಮೇಲೇ ಕುಂತಿದ್ದೆ. ಮುಟ್ಟಿಲ್ಲದಾಗಲೂ ರಕ್ತ ಕಾಣುತ್ತದೆ ಎಂದು ನೀನೇ ಒಪ್ಪಿಕೊಂಡೆ. ಮರುಕ್ಷಣವೇ, "ನಾ ಎಂದೂ ಮೆಣಸಿನಕಾಯಿಗೆ ಹೋದಾಕಿ ಅಲ್ರಿ, ನನಗ ಹೆಂಗ ಬರತೈತಿ ಆ ರೋಗ?" ಎಂದು ಆಕೆಯನ್ನು ವಾಪಸ್ಸು ಕಳಿಸಿದೆ. ನಿನಗೆ ಎರಡು ಮಕ್ಕಳು, ರೇಣುಕಾ. ನಾನು ಕಟ್ಟೆಯಿಂದ ಎದ್ದೆ. ಮನೆಗೆ ಬಂದು ಇದನ್ನು ಬರೆಯಲು ಕುಂತೆ.

ಈ ರೋಗಕ್ಕೂ ಮೆಣಸಿನಕಾಯಿಗೂ ಸಂಬಂಧವಿಲ್ಲ. ಯಾವ ಹೆಂಗಸಿಗೂ ಬರಬಹುದು. ಬೇಗ ತೋರಿಸಿದರೆ ಉಳಿಯುತ್ತಾರೆ, ನಾನು ಉಳಿದಿದ್ದೇನಲ್ಲ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಗುರುವಾರ ಬೆಳಗಿನ ರಾಣೆಬೆನ್ನೂರಿನ ಬಸ್ಸಿಗೆ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ನನ್ನ ಜೊತೆ ಬರಲು ಮನಸ್ಸಾಗದಿದ್ದರೆ ಬೇರೆ ಯಾರನ್ನಾದರೂ ಕರೆದುಕೊಂಡು ಹೋಗು. ಊರಿಗೆಲ್ಲ ಸಾರು, ನನ್ನ ಮುಖಕ್ಕೆ ಉಗುಳು, ಆದರೆ ಹೋಗು. ಇನ್ನೂ ನಂಬಿಕೆ ಬಾರದಿದ್ದರೆ, ರಾಣೆಬೆನ್ನೂರಿನ ಡಾಕ್ಟರಮ್ಮ ಬರೆದುಕೊಟ್ಟ ನನ್ನ ಚೀಟಿಯನ್ನು ಈ ಕಾಗದದೊಳಗೆ ಇಟ್ಟಿದ್ದೇನೆ. ತಾರೀಕು ನೋಡು. ನಿಮ್ಮವ್ವ ನನ್ನನ್ನು ಕೇಳುವುದಕ್ಕೆ ಎಂಟು ತಿಂಗಳು ಮೊದಲಿನದು.