ಹಿಡಿಕೆ ಹಿಡಿದು ನಿಂತವನು

ನನ್ನ ಮೈದುನನನ್ನು ಮನೆಯವರು, ಬೀದಿಯವರು, ಕೆಲಸದವರು, ಎಲ್ಲರೂ ಕರೆಯುವುದು ಕುಳ್ಳ ಎಂದೇ. ನಾನು ಮದುವೆಯಾಗಿ ಬಂದಾಗ ಅವನು ಮೂಗು ಸೋರಿಸಿಕೊಂಡು ಓಡಾಡುವ ಹುಡುಗ, ತಾಯಿ ಇಲ್ಲದವನು. ನಮ್ಮ ಯಜಮಾನರು ದೂರದ ಬಸ್ಸಿನ ಡ್ರೈವರು, ಮನೆಗೆ ಬರುವುದೇ ಅಪರೂಪ. ಹೀಗಾಗಿ ಕುಳ್ಳನಿಗೆ ಉಣಿಸಿದ್ದು, ಕಿವಿ ಹಿಂಡಿದ್ದು, ಜ್ವರ ಬಂದಾಗ ಹಣೆಗೆ ಬಟ್ಟೆ ಹಾಕಿದ್ದು ಎಲ್ಲ ನಾನೇ. ನನಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ, ಇದೊಂದೇ ಸಾಕಾಗಿ ಹೋಗಿದೆ ಎನ್ನುತ್ತೇನೆ.

ಅವನದು ಲಿಫ್ಟ್ ರಿಪೇರಿ ಕೆಲಸ. ಲಿಫ್ಟಿನಲ್ಲಿ ಹತ್ತಿ ಇಳಿಯುವವರು ಯಾರೂ ನೋಡದ ಒಂದು ಜಾಗವಿದೆ. ಎಲ್ಲಕ್ಕಿಂತ ಕೆಳಗಿನ ಮಹಡಿಯ ಬಾಗಿಲಿನಿಂದಲೂ ಕೆಳಗೆ, ಎಣ್ಣೆ ಜಿಡ್ಡು, ತೇವ, ಬಿದ್ದ ನಾಣ್ಯ, ಕಳೆದುಹೋದ ಬೀಗದ ಕೈ ಎಲ್ಲ ಸೇರುವ ಒಂದು ಗುಂಡಿ. ಅದರೊಳಗೆ ಏಣಿ ಇಟ್ಟು ಇಳಿದು, ತಲೆಯ ಮೇಲೆ ಅಷ್ಟು ದೊಡ್ಡ ಲಿಫ್ಟ್ ಪೆಟ್ಟಿಗೆಯನ್ನು ಇಟ್ಟುಕೊಂಡು ಕೆಲಸ ಮಾಡಬೇಕು. ಗಿಡ್ಡ ಆಳಾದದ್ದಕ್ಕೆ ಇಳಿಯುವ ಸರದಿ ಯಾವಾಗಲೂ ಇವನದೇ. ಭಯವಾಗುವುದಿಲ್ಲವೇನೋ ಎಂದು ಒಮ್ಮೆ ಕೇಳಿದ್ದೆ. "ಮೇಲೆ ಬ್ರೇಕ್ ಇದೆಯಲ್ಲ ಅತ್ತಿಗೆ, ಅದು ಹಿಡ್ಕೊಂಡಿರುತ್ತೆ" ಎಂದ, ಬ್ರೇಕು ಯಾರೋ ನಂಬಿಗಸ್ತ ನೆಂಟ ಎಂಬಂತೆ.

ನಮ್ಮ ಹೊರಕೋಣೆಯಲ್ಲಿ ಕಿಟಕಿಯ ಬಳಿ ನನ್ನ ಹೊಲಿಗೆ ಮಿಷನ್ನು, ಎದುರು ಗೋಡೆಗೆ ಅವನ ಟೀವಿ. ನಾನು ಪ್ಯಾಂಟಿನ ಕಾಲು ಕತ್ತರಿಸಿ ಮಡಿಚಿ ಹೊಲಿಯುತ್ತಿದ್ದರೆ ಅವನು ನೆಲದ ಮೇಲೆ ಕೂತು ವಿಡಿಯೋ ಗೇಮ್ ಆಡುತ್ತಾನೆ. ಇಷ್ಟು ವಯಸ್ಸಾದ ಗಂಡಸು! ನಾಚಿಕೆ ಬಿಟ್ಟವನೇ ಎಂದು ಬೈದಿದ್ದೇನೆ. ಅವನಿಗೆ ಅದು ಗಾಳಿಗೆ ಹೋದ ಮಾತು. ಆಡುವುದು ಒಂದೇ ಹಳೆಯ ಆಟ. ನೀರು ತುಂಬುತ್ತಿರುವ ಒಂದು ಗಣಿ, ಅದರ ತಳದಲ್ಲಿ ಐದು ಜನ. ಮುಂದಾಳು ಒಬ್ಬ, ಹಿಂದೆ ಸಾಲಾಗಿ ನಾಲ್ವರು. ಎಲ್ಲರನ್ನೂ ಬೆಳಕಿಗೆ ತರಬೇಕು. ಮೇಲೆ ಬರಲು ಮೆಟ್ಟಿಲಿದೆ, ಆದರೆ ಅದು ಸುತ್ತಿ ಸುತ್ತಿ ಮುಗಿಯುವುದೇ ಇಲ್ಲ. ಇಲ್ಲವೇ ಒಂದು ಕಬ್ಬಿಣದ ಲಿಫ್ಟಿದೆ, ಕ್ಷಣದಲ್ಲಿ ಮೇಲೆ ಬರುತ್ತದೆ. ಆದರೆ ಯಾರಾದರೂ ಒಬ್ಬರು ಕೆಳಗೆ ನಿಂತು ಹಿಡಿಕೆಯನ್ನು ಒತ್ತಿ ಹಿಡಿದಿರಬೇಕು. ಬಿಟ್ಟರೆ ಲಿಫ್ಟು ಮತ್ತೆ ಕೆಳಗೆ ಜಾರುತ್ತದೆ. ವೇಗವಾಗಿ ಆಡುವವರೆಲ್ಲ ಸಾಲಿನ ಕೊನೆಯವನನ್ನು ಅಲ್ಲಿಯೇ ನಿಲ್ಲಿಸಿ ಮೇಲೆ ಬಂದುಬಿಡುತ್ತಾರೆ. ಇದಕ್ಕೆ ಅವರು ಬಾಲ ಕತ್ತರಿಸುವುದು ಎನ್ನುತ್ತಾರೆ. ಉಳಿದವನು ಕೊಳವೆಯನ್ನು ಠಣ್ ಠಣ್ ಎಂದು ಬಡಿದು ಕರೆಯುತ್ತಾನೆ. ಮೇಲಿನ ಬಾಗಿಲು ಮುಚ್ಚಿದ ಕೂಡಲೇ ಆ ಸದ್ದು ನಿಲ್ಲುತ್ತದೆ. ಕುಳ್ಳ ಎಷ್ಟು ಬಾಲ ಕತ್ತರಿಸಿದ್ದಾನೋ ಲೆಕ್ಕವಿಲ್ಲ, ಕಣ್ಣು ಮುಚ್ಚಿದರೂ ಬೆರಳು ತಾನೇ ಕತ್ತರಿಸುತ್ತಿತ್ತು.

ಇಂಥ ಆಟಗಾರರದೇ ಒಂದು ಗುಂಪಿದೆ. ಅದರ ಯಜಮಾನಿಕೆ ಶಾಲೆಯ ಗಣಿತದ ಮೇಷ್ಟ್ರೊಬ್ಬರದು. ವರ್ಷಕ್ಕೊಮ್ಮೆ ಇವರು ತಮ್ಮ ತಮ್ಮ ಮನೆಯಿಂದಲೇ ಸರದಿಯ ಮೇಲೆ ಬಿಡದೆ ಆಡುತ್ತಾರೆ, ಅದು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ನೋಡಿದವರು ಕೊಟ್ಟ ಹಣ ಆಸ್ಪತ್ರೆಯ ಮಕ್ಕಳ ವಾರ್ಡಿಗೆ. ಕೊಟ್ಟವರಿಗೆ ಆಟದೊಳಗಿನ ಆಳುಗಳಿಗೆ ಹೆಸರಿಡುವ ಹಕ್ಕು ಸಿಗುತ್ತದೆ. ಕೆಲವರು ತೀರಿಹೋದ ತಾಯಿಯ ಹೆಸರಿಡುತ್ತಾರೆ, ಕೆಲವರು ಹುಟ್ಟುಹಬ್ಬದ ಮೊಮ್ಮಗನದು. ಎಲ್ಲಕ್ಕಿಂತ ಹೆಚ್ಚು ಪೈಪೋಟಿ ಇರುವುದು ಬಾಲದ ಜಾಗಕ್ಕೆ. ಅಲ್ಲಿಗೆ ಜನ ತಮ್ಮ ಮ್ಯಾನೇಜರನ ಹೆಸರನ್ನೋ ಮನೆ ಮಾಲೀಕನ ಹೆಸರನ್ನೋ ಇಟ್ಟು, ಅವನು ಕೆಳಗೆ ಉಳಿದು ಕೊಳವೆ ಬಡಿಯುವುದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ನಾನೂ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ.

ಮುಂದಾಳಿಗೆ ಮಾತ್ರ ಆಡುವವನದೇ ಹೆಸರು. ಕುಳ್ಳನ ಆಟದಲ್ಲಿ ಮುಂದಾಳು ಕುಳ್ಳನೇ.

ಈ ಸಲ ಕುಳ್ಳನ ಸರದಿ ಭಾನುವಾರ ಬೆಳಿಗ್ಗೆ ಬಂತು. ತಿಂಡಿ ಮುಗಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತ. ಆಟ ಭರ್ಜರಿಯಾಗಿ ಸಾಗಿತ್ತು. ಲಿಫ್ಟು ಬಂತು, ಬಾಲವನ್ನು ಕತ್ತರಿಸಿದ, ಮೇಲೆ ಬಂದ, ಬಾಗಿಲು ಮುಚ್ಚಿತು. ಠಣ್ ಠಣ್ ಮಾತ್ರ ನಿಲ್ಲಲಿಲ್ಲ.

"ಇದೇನೋ, ಇನ್ನೂ ಬಡೀತಿದೆ?" ಎಂದೆ.

"ಗೊತ್ತಿಲ್ಲ ಅತ್ತಿಗೆ. ಯಾವತ್ತೂ ಹಿಂಗಾಗಿಲ್ಲ."

ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಮೇಷ್ಟ್ರು ಏನೋ ಹೇಳಿದರು. ಕುಳ್ಳ ಒಂದು ಕಿವಿಯಿಂದ ಅದನ್ನು ಸರಿಸಿ ನನಗೂ ಹೇಳಿದ. ಬಾಲದ ಜಾಗಕ್ಕೆ ಈ ಸಲ ಇದ್ದದ್ದು ಬಟಾಣಿ ಎಂಬ ಹೆಸರು. ಯಾರೋ ಮ್ಯಾನೇಜರನ ಅಡ್ಡಹೆಸರಿರಬೇಕು ಎಂದುಕೊಂಡು ಇವನು ಅದನ್ನು ಸರಿಯಾಗಿ ಓದಿಯೂ ಇರಲಿಲ್ಲ. ಬಟಾಣಿ ಅದೇ ವಾರ್ಡಿನ ಪುಟ್ಟ ಹುಡುಗಿ. ಅವಳ ತಾಯಿ ತಡವಾಗಿ ಹೆಸರು ಕಳಿಸಿದ್ದರಿಂದ, ಆಟ ತಿಳಿಯದ ಯಾರೋ ಅದನ್ನು, ಕೊನೆ ಗಳಿಗೆಯಲ್ಲಿ ಒಬ್ಬರು ಬಿಟ್ಟುಕೊಟ್ಟ ಬಾಲದ ಜಾಗಕ್ಕೆ ಹಾಕಿಬಿಟ್ಟಿದ್ದರು. ಅಂದು ಆ ಮಗುವಿಗೆ ಹೃದಯದ ಆಪರೇಷನ್. ಅದನ್ನು ಮಾಡುವ ಕೋಣೆ ಇರುವುದು ಕೆಳಗಿನ ಮಹಡಿಯಲ್ಲಿ, ಅಲ್ಲಿಗೆ ಹೋಗುವುದು ಲಿಫ್ಟಿನಲ್ಲಿ. ಮಗು ತಾಯಿಯ ಮೊಬೈಲಿನಲ್ಲಿ ಆಟ ನೋಡುತ್ತಾ ಇದ್ದದ್ದು, ಮಂಚದ ಕಂಬಿ ಹಿಡಿದು ಕೂತುಬಿಟ್ಟಿತ್ತು. ನನ್ನನ್ನು ಕೆಳಗೇ ಬಿಟ್ಟು ಬಂದರು, ನಾನು ಕೆಳಗೆ ಹೋಗುವುದಿಲ್ಲ ಎಂದು ಒಂದೇ ಹಠ. ಅತ್ತು ಅತ್ತು ಉಸಿರು ಕಟ್ಟುತ್ತಿದೆ, ಇವತ್ತು ಬಿಟ್ಟರೆ ಆಗುವುದಿಲ್ಲ ಎನ್ನುತ್ತಿದ್ದಾರೆ ಡಾಕ್ಟರು ಎಂದು ತಾಯಿ ಮೇಷ್ಟ್ರಿಗೆ ಫೋನು ಮಾಡಿದ್ದಳು.

"ಏನ್ ನೋಡ್ತಾ ಕೂತಿದೀಯ? ಹೋಗಿ ಕರ್ಕೊಂಡು ಬಾರೋ ಆ ಮಗೂನ!" ಎಂದು ಕಿರುಚಿದೆ. ಅದು ಬರೀ ಆಟ ಎಂಬುದು ನನಗೇ ಮರೆತುಹೋಗಿತ್ತು.

ಕುಳ್ಳ ಮೆಟ್ಟಿಲಿನ ದಾರಿಯಲ್ಲಿ ಉಳಿದವರನ್ನೆಲ್ಲ ಕಟ್ಟಿಕೊಂಡು ಕೆಳಗೆ ಓಡಿದ. ಮೇಲೆ ಬಂದ ಮೇಲೆ ಯಾರೂ ವಾಪಸ್ಸು ಇಳಿಯುವುದಿಲ್ಲವಂತೆ. ಆ ಮೆಟ್ಟಿಲನ್ನು ಅಷ್ಟು ದೂರ ಅವನೂ ನೋಡಿರಲಿಲ್ಲ. ಇಳಿದಷ್ಟೂ ಬಡಿತ ಹತ್ತಿರವಾಯಿತು. ಕೊನೆಗೆ ಪುಟ್ಟ ಆಕೃತಿಯೊಂದು ಕತ್ತಲಲ್ಲಿ ಹಿಡಿಕೆಗೆ ಜೋತುಬಿದ್ದದ್ದು ಕಂಡಿತು. ಅದರ ತಲೆಯ ಮೇಲೆ ಬಟಾಣಿ ಎಂದು ಬಿಳಿ ಅಕ್ಷರ.

"ಸಿಕ್ಕಿದಳು, ಸಿಕ್ಕಿದಳು" ಎಂದ ಕುಳ್ಳ. ಆದರೆ ಮೇಷ್ಟ್ರ ದನಿ ಈಗ ನನಗೂ ಕೇಳುವಷ್ಟು ಜೋರಾಗಿತ್ತು. "ಮೆಟ್ಟಿಲು ಹತ್ಬೇಡಪ್ಪ, ಟೈಮಿಲ್ಲ! ಸ್ಟ್ರೆಚರ್ ಬಂದ್ಬಿಟ್ಟಿದೆ. ಅವಳು ಮೇಲೆ ಬಂದಿದ್ದು ಕಂಡ್ರೆ ಸಾಕು!"

ಲಿಫ್ಟು ಬೇಕೆಂದರೆ ಹಿಡಿಕೆಗೆ ಒಬ್ಬರು ಬೇಕು. ಉಳಿದ ಮೂವರಲ್ಲಿ ಒಂದು ಯಾರದೋ ತೀರಿಹೋದ ತಾಯಿ, ಒಂದು ಯಾರದೋ ಮೊಮ್ಮಗ, ಇನ್ನೊಂದು ಯಾರದೋ ಹೆಂಡತಿ. ಈ ಸಲ ಕುಳ್ಳ ಒಂದೊಂದೇ ಹೆಸರನ್ನು ಸರಿಯಾಗಿ ಓದಿದ. ಆಮೇಲೆ ಯಾವುದೋ ಬಟನ್ನು ಒತ್ತಿ ಮುಂದಾಳಿನ ಪಟ್ಟವನ್ನು ಬಟಾಣಿಗೆ ಕೊಟ್ಟ. ಕುಳ್ಳ ಎಂಬ ಹೆಸರಿನ ಆಳು ಹೋಗಿ ಹಿಡಿಕೆ ಹಿಡಿದು ನಿಂತಿತು. ಲಿಫ್ಟು ಮೇಲೇರಿತು. ಬಟಾಣಿ ಬೆಳಕಿಗೆ ಬಂದಳು.

ಆ ಕಡೆ ಮಗು ಕಂಬಿ ಬಿಟ್ಟಿತು. ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನಿದನ್ನು ಹೇಳುತ್ತಲೇ ಇರಲಿಲ್ಲ. ಆಟವನ್ನು ಮುಂದಿನವರಿಗೆ ದಾಟಿಸಿದ ಮೇಲೂ ಕುಳ್ಳ ತನ್ನ ಟೀವಿಯನ್ನು ಆರಿಸಲಿಲ್ಲ.

"ಈಗ ನಿನ್ನನ್ನೂ ಮೇಲೆ ಕರ್ಕೊಂಡು ಬಾ, ಮುಗೀತಲ್ಲ" ಎಂದೆ.

"ಅವಳು ಮನೆಗೆ ಹೋಗ್ಲಿ ಅತ್ತಿಗೆ. ಬಟಾಣಿ ಇನ್ನೂ ಲಿಫ್ಟ್ ಬಾಗಿಲಲ್ಲೇ ನಿಂತಿದಾಳೆ. ಹಿಡಿಕೆ ಬಿಟ್ರೆ ಕೆಳಗೆ ಜಾರುತ್ತೆ. ಒಳಗೆ ಆಳಿರೋವಾಗ ಬ್ರೇಕ್ ಬಿಡೋದುಂಟಾ?"

"ಅದು ಆಟ ಕಣೋ ಮಂಕೇ!"

"ಹೌದು, ಆಟನೇ" ಎಂದು ಒಪ್ಪಿಕೊಂಡ. ಟೀವಿ ಮಾತ್ರ ಹಾಗೆಯೇ ಉರಿಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಠಣ್ ಠಣ್. ಅವನು ಕೆಲಸಕ್ಕೆ ಹೋದ ಮೇಲೆ ನಾನೊಬ್ಬಳೇ, ಆ ಸದ್ದೊಂದೇ. ತಡೆಯಲಾರದೆ ಟೀವಿಯ ಸೌಂಡನ್ನು ಪೂರ್ತಿ ಇಳಿಸಿದೆ. ಆಗಲೂ ಕೇಳುತ್ತಿತ್ತು, ಗೋಡೆಯ ಒಳಗಿನಿಂದ ಬಂದಂತೆ. ನೀರಿನ ಪೈಪಿರಬೇಕು ಎಂದು ಮೇಲಿನ ಮನೆಯವರನ್ನು ವಿಚಾರಿಸಿದೆ. ಅವರು ಊರಿನಲ್ಲೇ ಇರಲಿಲ್ಲ. ನಾನು ಮಿಷನ್ನು ತುಳಿದರೆ ಬಡಿತ ನಿಲ್ಲುತ್ತಿತ್ತು, ಕಾಲು ತೆಗೆದರೆ ಶುರುವಾಗುತ್ತಿತ್ತು, ನಾನು ಕೇಳಿಸಿಕೊಳ್ಳಲೆಂದೇ ಕಾಯುತ್ತಿದ್ದ ಹಾಗೆ. ಬಾಯಿಬಡುಕಿ ಎಂದು ಹೆಸರಾದವಳು ನಾನು, ಆ ದಿನಗಳಲ್ಲಿ ಹೊಲಿಯಲು ಕೊಟ್ಟವರ ಜೊತೆಗೂ ಮಾತು ಹೊರಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೋಣೆ ಗುಡಿಸುವಾಗ ಟೀವಿಯನ್ನು ನೋಡಿದೆ. ಹಿಡಿಕೆಯ ಕಡೆ ಮುಖ ಮಾಡಿ ನಿಂತಿದ್ದ ಆಕೃತಿ ಈಗ ನಮ್ಮ ಕಡೆಗೆ ತಿರುಗಿತ್ತು. ಕಣ್ಣು ಮೂಗು ಸರಿಯಾಗಿ ಬಿಡಿಸಿಲ್ಲದ ಮುಖ, ಆದರೂ ಅದು ನನ್ನನ್ನೇ ನೋಡುತ್ತಿತ್ತು. ಕುಳ್ಳನಿಗೆ ಹೇಳಿದರೆ, "ಒಂದೊಂದ್ಸಲ ತಿರುಗುತ್ತೆ ಬಿಡಿ" ಎಂದು ಬೂಟಿನ ದಾರ ಕಟ್ಟಿಕೊಂಡ. "ಇವತ್ತು ಹಳೇ ಕಟ್ಟಡ. ಗುಂಡೀಲಿ ಕೆಲಸ. ಫೋನ್ ಸಿಗ್ನಲ್ ಬರಲ್ಲ, ಮನೇಲೇ ಬಿಟ್ಟಿದೀನಿ."

ಹೋಗಬೇಡ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಕಾರಣ ಏನೆಂದು ಹೇಳಲಿ? ಸುಮ್ಮನೆ ಊಟದ ಡಬ್ಬಿ ಕೊಟ್ಟು ಕಳಿಸಿದೆ.

ಮಧ್ಯಾಹ್ನ ಅವನ ಫೋನು ಬಡಿದುಕೊಂಡಿತು. ಎತ್ತಿದರೆ ಒಂದು ತೆಳ್ಳನೆಯ ದನಿ.

"ಕುಳ್ಳ ಅಂಕಲ್ ಇದಾರಾ? ನಾನು ಬಟಾಣಿ, ಮೇಷ್ಟ್ರು ನಂಬರ್ ಕೊಟ್ರು. ಮನೆಗೆ ಬಂದ್ವಿ. ಇನ್ನು ಅವರು ಕೈ ಬಿಡಬಹುದು ಅಂತ ಹೇಳಿ."

"ಅಂಕಲ್ ಕೆಲಸಕ್ಕೆ ಹೋಗಿದಾರೆ ಪುಟ್ಟ. ಬಂದ ಮೇಲೆ ಹೇಳ್ತೀನಿ."

"ಬಂದ ಮೇಲೆ ಬೇಡ ಆಂಟಿ" ಎಂದಿತು ಮಗು. "ಅಲ್ಲಿ ತುಂಬಾ ಹೊತ್ತು ನಿಲ್ಲೋಕಾಗಲ್ಲ. ನನಗ್ಗೊತ್ತು."

ಅವನ ಕಂಪನಿಗೆ ಫೋನು ಮಾಡಿದರೆ, ಗುಂಡಿಯಲ್ಲಿದ್ದಾನೆ, ಸಿಗುವುದಿಲ್ಲ ಎಂದರು. ಜನ್ಮದಲ್ಲಿ ಮುಟ್ಟದಿದ್ದ ಆಟದ ಆ ಕಂಟ್ರೋಲರನ್ನು ಕೈಗೆತ್ತಿಕೊಂಡೆ. ಮತ್ತೆ ಮಗುವಿಗೆ ವಿಡಿಯೋ ಕಾಲ್ ಹಚ್ಚಿ, ಟೀವಿ ಕಾಣುವಂತೆ ಫೋನನ್ನು ಮಿಷನ್ನಿಗೆ ಒರಗಿಸಿಟ್ಟು, "ಯಾವುದು ಒತ್ತಬೇಕು, ಬೇಗ ಹೇಳಮ್ಮ" ಎಂದೆ.

ಮಗು ಹೇಳಿತು, ನಾನು ಬಟಾಣಿಯನ್ನು ನಡೆಸಿದೆ. "ಆಂಟಿ, ಗೋಡೆಗೆ ಮುಖ ಹೊಡೀತಿದೀರ!" "ಆಂಟಿ, ಅದು ಕೂರೋ ಬಟನ್!" ಬೇರೆ ಹೊತ್ತಾಗಿದ್ದರೆ ನಗುತ್ತಿದ್ದೆ. ಮೆಟ್ಟಿಲು ಸುತ್ತುತ್ತಾ ಸುತ್ತುತ್ತಾ ಇಳಿಯಿತು. ಪರದೆ ಕಪ್ಪಾಗುತ್ತಾ ಬಂತು. ಕೆಳಗಿನಿಂದ ಠಣ್, ಠಣ್.

ಕೊನೆಯ ತಿರುವು ಇನ್ನೂ ಬಾಕಿ ಇರುವಾಗ ಬಡಿತ ನಿಂತುಹೋಯಿತು.

ಟೀವಿಯಲ್ಲೂ ಇಲ್ಲ, ಗೋಡೆಯಲ್ಲೂ ಇಲ್ಲ. ಬಟನ್ನು ಯಾವುದೆಂದು ನೋಡದೆ ಎಲ್ಲವನ್ನೂ ಅದುಮುತ್ತಾ ಹುಚ್ಚಿಯ ಹಾಗೆ ಕೂಗಿದೆ. "ಲೋ ಕುಳ್ಳ! ಬಿಡೋ ಅದನ್ನ! ಬಾರೋ ಮೇಲೆ, ಬಾ ಅಂದ್ರೆ ಬಾ!"

ಬಟಾಣಿ ತಿರುವು ದಾಟಿದಳು. ಅವನು ಅಲ್ಲಿದ್ದ. ಹಿಡಿಕೆ ಬಿಟ್ಟು, ಮೆಟ್ಟಿಲಿನ ಮೊದಲ ಹಂತದ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ನಾವು ಹತ್ತಿದೆವು, ಹಿಂದೆ ಅವನೂ ಹತ್ತಿದ. ಮೇಲೆ ಬೆಳಕು ಕಂಡಾಗ ಮಗು ಚಪ್ಪಾಳೆ ತಟ್ಟಿತು. ನಾನು ಟೀವಿ ಆರಿಸಿದೆ.

ಕುಳ್ಳ ಇನ್ನೂ ಬಿಸಿಲಿರುವಾಗಲೇ ಮನೆಗೆ ಬಂದ. ಬಟ್ಟೆಯೆಲ್ಲ ಜಿಡ್ಡು, ಡಬ್ಬಿಯಲ್ಲಿ ಊಟ ಹಾಗೆಯೇ ಇತ್ತು. ಬಾಗಿಲಲ್ಲೇ ನಿಂತ.

"ಅತ್ತಿಗೆ, ನೀವು ಇವತ್ತು ಆ ಕಟ್ಟಡಕ್ಕೆ ಬಂದಿದ್ರಾ?"

"ನಾನ್ಯಾಕೆ ಬರ್ಲಿ? ಮನೇಲೇ ಇದ್ದೆ."

"ಗುಂಡೀಲಿ ಬಾಗಿಲಿಗೆ ಬೆನ್ನು ಹಾಕಿ ಕೂತು ಬೋಲ್ಟ್ ಬಿಗೀತಿದ್ದೆ. ಯಾರೋ ಮೇಲಿಂದ ಬೈದ್ರು. ಬಾ ಅಂದ್ರೆ ಬಾ ಅಂತ. ನಿಮ್ಮ ದನಿಯೇ. ಇದೇನಪ್ಪ ಅಂತ ಏಣಿ ಹತ್ತಿ ಹೊರಗೆ ಬಂದು ನೋಡಿದೆ. ಯಾರೂ ಇರ್ಲಿಲ್ಲ." ಅವನು ಡಬ್ಬಿಯನ್ನು ಕೆಳಗಿಟ್ಟ. "ಹಿಂದೆ ತಿರುಗಿ ನೋಡಿದ್ರೆ ಗುಂಡೀನೇ ಕಾಣಿಸ್ಲಿಲ್ಲ ಅತ್ತಿಗೆ. ಬ್ರೇಕ್ ಹಿಡೀಲಿಲ್ಲ. ಲಿಫ್ಟ್ ಬಂದು ನಾನು ಕೂತಿದ್ದ ಜಾಗದಲ್ಲಿ ಕೂತಿತ್ತು."

ನನಗೆ ಅಳು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಎಂದು ತಿಳಿಯಲಿಲ್ಲ. ಬೆನ್ನಿನ ಮೇಲೆ ಎರಡು ಗುದ್ದು ಕೊಟ್ಟು ಒಳಗೆ ಎಳೆದುಕೊಂಡೆ. ಹಿಡಿದ ಅವನ ಕೈ ಬಾವಿಯಿಂದ ಎತ್ತಿದ ಕೊಡದ ಹಾಗೆ ತಣ್ಣಗಿತ್ತು. ಅದು ಬೆಚ್ಚಗಾಗುವವರೆಗೂ ನಾನು ಬಿಡಲಿಲ್ಲ.