ಸಿನುವಾನಳ ಮುಯ್ಯಾಳುಗಳು

ಕಾಂಬೋಡಿಯಾದ ಸಿನುವಾನ್ ಹುಟ್ಟೂರಿನಲ್ಲಿ ಅತ್ತೆಯ ಬಾಯಿಯನ್ನೇ ಮುಚ್ಚಿಸಿದವಳು. ಕೊರಿಯಾದ ಮಿರ್ಯಾಂಗ್‌ಗೆ ಬಂದಾಗ ಅವಳಿಗೆ ಅಲ್ಲಿಯ ಭಾಷೆ ಬರುತ್ತಿರಲಿಲ್ಲ, ಅಷ್ಟೇ. ಗ್ವಾಕ್ ಯಜಮಾನ ಅದನ್ನೇ ಸಾಧುಸ್ವಭಾವ ಎಂದುಕೊಂಡ.

ಅವನ ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಪೆರಿಲ್ಲಾ ಸೊಪ್ಪಿನ ಎಲೆ ಕೀಳುವುದು ಅವಳ ಕೆಲಸ. ವಾಸಕ್ಕೆ ಪಕ್ಕದಲ್ಲೇ ಡಬ್ಬಿಯಂಥ ಒಂದು ತಗಡಿನ ಗೂಡು. ಅದರ ಬಾಗಿಲಿಗೆ ಚಿಲಕ ನಿಲ್ಲುತ್ತಿರಲಿಲ್ಲ. ಎಲೆ ಕಡಿಮೆಯಾದ ದಿನಗಳಲ್ಲಿ ಯಜಮಾನ ಅವಳನ್ನು ಟ್ರಕ್ಕಿಗೆ ಹತ್ತಿಸಿ ತನ್ನ ಭಾಮೈದನ ಸ್ಟ್ರಾಬೆರಿ ತೋಟಕ್ಕೋ, ಚೊಂಗ್ದೋ ಅಜ್ಜಿಯ ಬೆಳ್ಳುಳ್ಳಿ ಹೊಲಕ್ಕೋ, ಇನ್ನೊಬ್ಬ ಅಜ್ಜಿಯ ಈರುಳ್ಳಿ ಹೊಲಕ್ಕೋ ಕಳಿಸುತ್ತಿದ್ದ. ಕೇಳಿದವರಿಗೆ, ಮುಯ್ಯಾಳು ಎನ್ನುತ್ತಿದ್ದ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮುಯ್ಯಿ ತೀರಿಸದವರಿಗೆ ಆ ಊರಿನಲ್ಲಿ ಮರ್ಯಾದೆಯಿಲ್ಲ. ಆದರೆ ಬಗ್ಗಿದ್ದು ಸಿನುವಾನಳ ಸೊಂಟ, ಮುಯ್ಯಿಗೆ ಆಳುಗಳು ತಿರುಗಿ ಬಂದದ್ದು ಗ್ವಾಕ್‌ನ ಹೊಲಕ್ಕೆ. ಅವಳಿಗೆ ಉರಿದುಹೋಗುತ್ತಿತ್ತು.

ಗೆಳತಿ ಕೋಲಾಪ್ ಇದ್ದ ಅಣಬೆ ತೋಟದಲ್ಲಿ ಒಂದು ಜಾಗ ಖಾಲಿಯಾಯಿತು. ಅಲ್ಲಿ ಗೋಡೆಯಿರುವ ಕೋಣೆಯಿತ್ತು, ಅದಕ್ಕೊಂದು ಚಿಲಕವೂ ಇತ್ತು. ಆದರೆ ಅವಳ ಬಗೆಯ ವೀಸಾ ಇರುವವರು ಕೆಲಸ ಬದಲಿಸಲು ಹಳೆಯ ಯಜಮಾನನ ಸಹಿ ಬೇಕು. ಅಷ್ಟರಲ್ಲಿ ಭಾಷೆ ಕಲಿತಿದ್ದ ಸಿನುವಾನ್ ಕೇಳಿದ್ದಕ್ಕೆ ಗ್ವಾಕ್ ನಕ್ಕ.

"ನಿನ್ನನ್ನ ಕರೆಸಿಕೊಂಡಿದ್ದು ನಾನು. ಸಹಿ ಹಾಕಲ್ಲ. ಹೊಸ್ತಿಲು ದಾಟಿದ್ರೆ ಓಡಿಹೋದ್ಲು ಅಂತ ದೂರು ಕೊಡ್ತೀನಿ, ವಿಮಾನ ಹತ್ತಿಸ್ತಾರೆ."

"ನೀವು ಕಳಿಸಿದಾಗ ಊರೆಲ್ಲಾ ಸುತ್ತಿದ್ನಲ್ಲ, ಆಗ ವೀಸಾಕ್ಕೆ ಏನೂ ಆಗ್ಲಿಲ್ಲ. ನಾನೇ ಹೋಗ್ತೀನಿ ಅಂದ್ರೆ ಮಾತ್ರ ಕೆಟ್ಟುಹೋಗುತ್ತಾ?"

ಅವನು ಟ್ರಕ್ಕು ಹತ್ತಿ ಹೊರಟುಹೋದ.

ರಜೆಯ ದಿನ ಅವಳು ಕಾರ್ಮಿಕ ಕಚೇರಿಗೆ ಹೋದಳು. ಒಪ್ಪಂದದಲ್ಲಿಲ್ಲದ ಹೊಲಗಳಿಗೆ ದುಡಿಯಲು ಕಳಿಸಿದ್ದು ನಿಜವಾದರೆ ಯಜಮಾನನ ಸಹಿಯ ಹಂಗೇ ಇಲ್ಲ ಎಂದು ಅಲ್ಲಿಯವರು ತಿಳಿಸಿದರು. ಆದರೆ ಅವರು ಫೋನು ಮಾಡಿ ಕೇಳಿದಾಗ ಗ್ವಾಕ್, ಅವಳು ನನ್ನ ಹೊಲ ಬಿಟ್ಟು ಆಚೆ ಕಾಲಿಟ್ಟವಳೇ ಅಲ್ಲ ಎಂದುಬಿಟ್ಟ. ನೋಡಿದವರು ಯಾರಾದರೂ ಬಂದು ಹೇಳಬೇಕಿತ್ತು. ಪರದೇಶದವಳ ಪರವಾಗಿ, ಅದೇ ಊರಿನವನ ವಿರುದ್ಧ ಯಾರು ಬಂದಾರು?

ಚಳಿಗಾಲಕ್ಕೆಂದು ಕಿಮ್ಚಿ ಉಪ್ಪಿನಕಾಯಿ ಹಾಕುವ ದಿನ ಊರಿನ ಹೆಂಗಸರೆಲ್ಲ ಗ್ವಾಕ್‌ನ ಅಂಗಳದಲ್ಲಿ ಸೇರಿದ್ದರು. ಉಪ್ಪಿನಲ್ಲಿ ನೆನೆದ ಎಲೆಕೋಸಿಗೆ ಖಾರ ಸವರುತ್ತ ಸಿನುವಾನ್ ಎಲ್ಲರಿಗೂ ಕೇಳುವ ಹಾಗೆ ಬಾಯಿಬಿಟ್ಟಳು.

"ಅಜ್ಜಿ, ನಿಮ್ಮ ಬೆಳ್ಳುಳ್ಳಿ ಕಿತ್ತಿದ್ದು ಯಾರು?"

"ನೀನೇ ಅಲ್ವೇನೇ," ಎಂದಳು ಚೊಂಗ್ದೋ ಅಜ್ಜಿ.

"ಅದರ ಮುಯ್ಯಿ ನನಗಿನ್ನೂ ತೀರಿಲ್ಲ. ನಾಳೆ ಒಂದು ದಿನ ನನ್ನ ಜೊತೆ ಬನ್ನಿ, ಸ್ಟ್ರಾಬೆರಿಯವರೂ ಈರುಳ್ಳಿಯವರೂ ಬರಲಿ. ಹೊಲಕ್ಕಲ್ಲ, ಕಾರ್ಮಿಕ ಕಚೇರಿಗೆ. ಇದ್ದದ್ದನ್ನ ಇದ್ದಹಾಗೆ ಹೇಳಿದ್ರೆ ಸಾಕು."

ಅಂಗಳದಲ್ಲಿ ಎಲ್ಲರ ಕೈಯೂ ನಿಂತಿತು. ಜಗಲಿಯಿಂದ ಗ್ವಾಕ್, ಆ ಮುಯ್ಯಿ ನನ್ನದು, ಆಗಲೇ ತೀರಿದೆ ಎಂದು ಗದರಿದ. ಚೊಂಗ್ದೋ ಅಜ್ಜಿ ಅವನನ್ನು ಚಡ್ಡಿ ಹಾಕುವ ಕಾಲದಿಂದ ಬಲ್ಲವಳು.

"ಬಗ್ಗಿದ್ದು ನಿನ್ನ ಸೊಂಟ ಏನೋ?" ಎಂದಳು.

ಗ್ವಾಕ್‌ನ ಭಾಮೈದನ ಹೆಂಡತಿ ಮಾರನೆಯ ದಿನ ಬಸ್‌ಸ್ಟಾಪಿನ ಕಡೆ ತಲೆಹಾಕಲಿಲ್ಲ. ಚೊಂಗ್ದೋ ಅಜ್ಜಿ, ಈರುಳ್ಳಿ ಹೊಲದ ಅಜ್ಜಿ ಇಬ್ಬರೂ ಬಂದರು, ತುಟಿಗೆ ಬಣ್ಣ ಹಚ್ಚಿಕೊಂಡು. ಕಚೇರಿಯಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿ ಅಧಿಕಾರಿಯ ತಲೆ ಚಿಟ್ಟುಹಿಡಿಸಿದರು. ಆದರೆ ಹೇಳಬೇಕಾದ್ದನ್ನೆಲ್ಲ ಹೇಳಿದರು. ಕೆಲವೇ ದಿನಗಳಲ್ಲಿ ಕೆಲಸ ಬದಲಿಸಲು ಅನುಮತಿ ಬಂತು, ಗ್ವಾಕ್‌ನ ಸಹಿಯಿಲ್ಲದೆ.

ಹೊರಡುವ ಬೆಳಿಗ್ಗೆ ಅವನು ಹಸಿರುಮನೆಯ ಬಾಗಿಲಲ್ಲಿ ನಿಂತಿದ್ದ.

"ಎಲೆ ಬಲಿತುಹೋಗ್ತಿದೆ. ಇನ್ನು ಯಾರು ಕೀಳ್ತಾರೆ?"

ಸಿನುವಾನ್ ಚೀಲ ಹೆಗಲಿಗೇರಿಸಿದಳು.

"ನೀವೇ ಕೂತು ಕೀಳಿ, ಯಜಮಾನ್ರೇ. ಆಗದಿದ್ರೆ ಬಿಟ್ಟು ಹೋಗಿ, ನಿಮಗೆ ಯಾರ ಸಹಿನೂ ಬೇಕಾಗಿಲ್ಲ."