ಆಯಿಯ ಉಷ್ಣ, ಮಾಲಿನಿಬಾಯಿಯ ತಂಪು

ಹಸಿಶುಂಠಿ, ಬೆಲ್ಲ ಕೂಡಿ ಕುದಿಯುವ ವಾಸನೆ ಬಂದರೆ ನನಗೆ ಇಂದಿಗೂ ಮೊದಲು ಬರುವುದು ಸಿಟ್ಟು. ನೆನಪು ಆಮೇಲೆ. ಮೊನ್ನೆ ಭಾನುವಾರ ಬೈರಿದೇವರಕೊಪ್ಪದ ನಮ್ಮ ಮನೆಯ ಅಡುಗೆಮನೆಯಿಂದ ಆ ವಾಸನೆ ಬಂತು. ಎದ್ದು ಹೋಗಿ ನೋಡಿದರೆ ಮಗಳು ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಿಂದ ಪಾತ್ರೆ ಕಲಕುತ್ತಿದ್ದಳು. "ಮಮ್ಮಿ, ಮುಟ್ಟಿನ್ಯಾಗ ತಣ್ಣಂದು ತಿನಬಾರದಂತ. ಚೀನಾದವರ ವೈದ್ಯದಾಗ ಐತಿ. ಸೌತಿಕಾಯಿ ಬ್ಯಾಡ, ಮೊಸರು ಬ್ಯಾಡ, ಐಸ್‌ಕ್ರೀಂ ಅಂತೂ ಬ್ಯಾಡೇ ಬ್ಯಾಡ," ಎಂದಳು, ಯಾರಿಗೂ ತಿಳಿಯದ್ದನ್ನು ತಾನೇ ಕಂಡುಹಿಡಿದವಳ ಹಾಗೆ. ನಾನು ಹಣೆ ಬಡಿದುಕೊಂಡೆ. ಆ ಪಟ್ಟಿಯನ್ನು ನಾನು ಹದಿಮೂರನೇ ವಯಸ್ಸಿಗೇ ಒಬ್ಬ ಚೀನೀ ಹೆಂಗಸಿನ ಬಾಯಿಂದ ಕೇಳಿ ಕೇಳಿ ಬೇಸತ್ತಿದ್ದೆ.

ಆಗ ನಾವು ಗೋಕುಲ ರಸ್ತೆಯ ಹಿಂದಿನ ಓಣಿಯೊಂದರಲ್ಲಿದ್ದೆವು. ಅಪ್ಪ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಷಿನ್ ನಡೆಸುತ್ತಿದ್ದರು. ಅವ್ವ ಹಳ್ಳಿಯ ಸಾಲಿ ಮಾಸ್ತರಿಣಿ, ಮುಂಜಾನೆ ಬಸ್ಸಿಗೆ ಹೋದರೆ ಸಂಜೆಗೇ ಬರುವುದು. ಹಗಲೆಲ್ಲ ಮನೆ ಆಯಿಯದು, ಅಂದರೆ ಅಪ್ಪನ ತಾಯಿಯದು. ಸುಳ್ಳ ಎಂಬ ಹಳ್ಳಿಯಲ್ಲಿ ಹೊಲದ ಕೂಲಿ ಮಾಡಿ ಮಗನನ್ನು ಓದಿಸಿದ ಹೆಂಗಸು. ನಾನು ದೊಡ್ಡವಳಾದ ದಿನ ಓಣಿಯ ಹೆಂಗಸರು ಬಂದು ಹುಡುಗಿಯನ್ನು ಎಲ್ಲಿ ಕೂಡಿಸುತ್ತೀರಿ ಎಂದು ಕೇಳಿದರು. ಅಪ್ಪ ಬುದ್ಧನ ಫೋಟೋದ ಕೆಳಗೆ ನಿಂತು, "ನಮ್ಮನ್ನ ಹೊರಗಿಟ್ಟವರು ಭಾಳ ಮಂದಿ ಅದಾರ. ನಮ್ಮ ಮನ್ಯಾಗ ನಾವು ಯಾರನ್ನೂ ಹೊರಗ ಕೂಡಸೂದಿಲ್ಲ," ಎಂದುಬಿಟ್ಟರು. ಆಯಿ ಅದಕ್ಕೆ ಗೋಣು ಹಾಕಿದಳು. ಆದರೆ ಕೂಡುವ ವಿಷಯದಲ್ಲಿ ಸೋತವಳು ತಿನ್ನುವ ವಿಷಯದಲ್ಲಿ ಒಂದಿಂಚೂ ಬಿಟ್ಟುಕೊಡಲಿಲ್ಲ. ಹುಡುಗಿಯ ಮೈಯೆಲ್ಲ ಉಷ್ಣ, ಆದ್ದರಿಂದ ಎಳ್ಳು ಬೆಲ್ಲ ಶುಂಠಿ ತತ್ತಿ ಪಪ್ಪಾಯಿ ಬಂದ್. ಮಜ್ಜಿಗೆ ಹಾಕಿದ ಅಂಬಲಿ, ಮೊಸರನ್ನ, ಕೊತ್ತಂಬರಿ ಕಾಳು ನೆನೆಸಿದ ತಣ್ಣನೆಯ ನೀರು, ಇಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆದರೆ ಎದುರು ಮನೆಯಲ್ಲಿ ಹಲ್ಲಿನ ದವಾಖಾನೆ ಇತ್ತು, ಅದರ ಚೀನೀ ಡಾಕ್ಟರ ಹೆಂಡತಿ ಮೇಲಿನ್ ಇದ್ದಳು. ಆ ಹೆಸರು ಆಯಿಯ ಬಾಯಲ್ಲಿ ಮೊದಲ ದಿನವೇ ಮಾಲಿನಿ ಆಗಿತ್ತು, ಆಮೇಲೆ ಇಡೀ ಓಣಿಗೆ ಆಕೆ ಮಾಲಿನಿಬಾಯಿ. ಕಲಕತ್ತಾದಲ್ಲಿ ಹುಟ್ಟಿ, ಮದುವೆಯಾಗಿ ಹುಬ್ಬಳ್ಳಿಗೆ ಬಂದು, ಸಂತೆಯಲ್ಲಿ ಕನ್ನಡ ಕಲಿತವಳು. ನಾನು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡುವುದನ್ನು ಒಮ್ಮೆ ನೋಡಿದವಳೇ ಉತ್ತತ್ತಿ, ಶುಂಠಿ, ಬೆಲ್ಲ ಹಾಕಿ ಕುದಿಸಿದ ಕಷಾಯ ತಂದಳು. ಆಯಿ ಬಾಗಿಲಲ್ಲೇ ತಡೆದಳು.

"ಮಾಲಿನಿಬಾಯಿ, ನಿಮ್ಮ ದೇಶದಾಗ ಥಂಡಿ, ನಮ್ಮಲ್ಲಿ ಬಿಸಲು. ಮೈಯಾಗ ಮೊದಲೇ ಬೆಂಕಿ ಐತಿ. ಇದನ್ನ ಕುಡಿಸಿದ್ರ ರಕ್ತ ನಿಂದ್ರತೈತೇನ್ರಿ?"

"ನನ್ನ ದೇಶ ಯಾವ್ದ್ರಿ ಆಯಿ? ಕಲಕತ್ತಾದಾಗ ಇಲ್ಲಿಗಿಂತ ಹೆಚ್ಚು ಬಿಸಲು. ತಣ್ಣಂದು ತಿಂದ್ರ ರಕ್ತ ಒಳಗ ಗಟ್ಟಿ ಆಗ್ತೈತಿ, ಅದಕ್ಕ ಈ ನೋವು. ನಮ್ಮತ್ತಿ ಹೇಳ್ತಿದ್ಲು."

"ನಮ್ಮತ್ತೀನೂ ಹೇಳ್ತಿದ್ಲು, ತಗೋರಿ!"

ಹೀಗೆ ಮೂರು ವರ್ಷ. ಆಯಿ ಕೊಟ್ಟದ್ದನ್ನು ಮಾಲಿನಿಬಾಯಿ ಬೇಡ ಅನ್ನುವಳು, ಮಾಲಿನಿಬಾಯಿ ತಂದದ್ದನ್ನು ಆಯಿ ಮುಚ್ಚಿಡುವಳು. ಒಬ್ಬಳ ಲೆಕ್ಕದಲ್ಲಿ ಸೌತೆಕಾಯಿ ಔಷಧ, ಇನ್ನೊಬ್ಬಳ ಲೆಕ್ಕದಲ್ಲಿ ವಿಷ. ಇಬ್ಬರೂ ಒಪ್ಪುವುದು ಒಣ ರೊಟ್ಟಿ, ಬೇಳೆ ಎರಡೇ. ತಿಂಗಳಿಗೆ ಐದು ದಿನ ಅದನ್ನೇ ಅಗಿಯುತ್ತ, ಕಟ್ಟೆಯ ಮೇಲೆ ಆ ಇಬ್ಬರೂ ನನ್ನ ಹೊಟ್ಟೆಯ ಬಗ್ಗೆ ದನಿ ಎತ್ತಿ ವಾದಿಸುವುದನ್ನು ಓಣಿಯೆಲ್ಲ ಕೇಳುತ್ತಿರುವಾಗ ನಾನು ಎಲ್ಲಿಯಾದರೂ ಓಡಿಹೋಗಬೇಕೆನ್ನಿಸುತ್ತಿತ್ತು. ಅವ್ವನಿಗೆ ಹೇಳಿದರೆ, "ನಮಗೂ ಆಗ್ತಿತ್ತವಾ, ನಾವೇನು ಸತ್ತೇವಾ?" ಎಂದು ನೋಟ್‌ಬುಕ್ಕುಗಳನ್ನು ತಿದ್ದಲು ಕೂಡುತ್ತಿದ್ದಳು.

ಹತ್ತನೇ ಇಯತ್ತೆಯ ಗಣಿತ ಪರೀಕ್ಷೆಯ ಮುಂಜಾನೆಯೇ ಮುಟ್ಟಾಯಿತು. ಸೂತ್ರಗಳನ್ನು ಬಾಯಿಪಾಠ ಮಾಡುತ್ತ ನಿಂತಿದ್ದೆ. ಈ ಕಡೆಯಿಂದ ಆಯಿ ಮಜ್ಜಿಗೆ ಹಿಡಿದು ಬಂದಳು, ಆ ಕಡೆಯಿಂದ ಮಾಲಿನಿಬಾಯಿ ಕಷಾಯ ಹಿಡಿದು ಬಂದಳು. ಇಬ್ಬರದೂ ಒಮ್ಮೆಲೇ ಶುರುವಾಯಿತು. ನನಗೆ ಏನಾಯಿತೋ, ಕಷಾಯದ ಲೋಟವನ್ನು ಕೈಯಿಂದ ತಳ್ಳಿ ಕೂಗಿದೆ: "ನಮ್ಮ ಮನಿ ವಿಷಯದಾಗ ನೀವ್ಯಾಕ ಬರ್ತೀರಿ? ನೀವು ಹೊರಗಿನವರು!"

ಮಾಲಿನಿಬಾಯಿ ನೆಲಕ್ಕೆ ಬಿದ್ದ ಲೋಟ ಎತ್ತಿಕೊಂಡು, ಸೀರೆಗೆ ಸಿಡಿದದ್ದನ್ನೂ ಒರೆಸಿಕೊಳ್ಳದೆ ಹೋದಳು. ಆಯಿಯ ಪಕ್ಷ ಗೆದ್ದಿತೆಂದು ನಾನು ಆಕೆಯ ಮುಖ ನೋಡಿದೆ. ಆಕೆ ಮಜ್ಜಿಗೆ ಕೆಳಗಿಟ್ಟು, ಬಹಳ ಸಣ್ಣ ದನಿಯಲ್ಲಿ, "ಹೊರಗಿನವರು ಅನ್ನೋ ಮಾತ ನಾವು ಹೊಟ್ಟಿತುಂಬ ಉಂಡೀವಿ. ಅದನ್ನ ನೀ ಇನ್ನೊಬ್ಬರಿಗೆ ಬಡಸ್ತೀ ಏನ?" ಎಂದಳು. ನಾನು ಏನೂ ತಿನ್ನದೆ ಪರೀಕ್ಷೆಗೆ ಹೋದೆ.

ಮೂರನೇ ಲೆಕ್ಕಕ್ಕೆ ಬರುವಾಗ ಕಣ್ಣಿಗೆ ಕತ್ತಲೆ ಬಂತು. ಎಚ್ಚರಾದಾಗ ಪರೀಕ್ಷಾ ಕೇಂದ್ರದ ಬೆಂಚಿನ ಮೇಲೆ ಮಲಗಿದ್ದೆ, ಎದುರಿಗೆ ಮಾಲಿನಿಬಾಯಿ. ಓಣಿಗೆಲ್ಲ ಇದ್ದದ್ದು ದವಾಖಾನೆಯ ಫೋನು ಒಂದೇ, ಸಾಲಿಯವರು ಅದಕ್ಕೇ ಮಾಡಿದ್ದರು. ಅದೇ ಕಲೆ ಬಿದ್ದ ಸೀರೆಯಲ್ಲಿ ಆಟೋ ಹಿಡಿದು ಬಂದಿದ್ದಳು. ಆಟೋದಲ್ಲಿ ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡಾಗ, "ಆಂಟಿ, ಮುಂಜಾನೆ ನಾ..." ಎಂದು ಬಾಯಿ ತೆರೆದೆ. "ಮಾತಾಡಬ್ಯಾಡ, ಹೊಟ್ಟ್ಯಾಗ ಗಾಳಿ ಹೊಕ್ಕೀತು," ಎಂದು ಸೆರಗಿನಿಂದ ನನ್ನ ಬಾಯಿ ಮುಚ್ಚಿದಳು. ಕ್ಷಮೆ ಕೇಳುವುದಕ್ಕೂ ಬಿಡದ ಅದೆಂಥ ವೈದ್ಯವೋ!

ಆಕೆ ಕರೆದೊಯ್ದ ಡಾಕ್ಟರು ಗುಳಿಗೆ ಬರೆಯುತ್ತ, ಇದು ಎಲ್ಲ ಹೆಣ್ಣುಮಕ್ಕಳಿಗೂ ಇರುವುದೇ, ಹುಡುಗಿ ಪರೀಕ್ಷೆಗೆ ಹೆದರಿದ್ದಾಳೆ ಎಂದರು. ನಾನೂ ನಂಬಿ ಎದ್ದೆ. ಮಾಲಿನಿಬಾಯಿ ಏಳಲಿಲ್ಲ. "ಎಲ್ಲಾರಿಗೂ ಹಿಂಗ ಇರೂದಿಲ್ರಿ. ಮೂರು ವರ್ಷ ನಾವಿಬ್ಬರೂ ನೋಡೀವಿ. ಈ ಹುಡುಗಿ ಸುಳ್ಳು ಹೇಳೂದಿಲ್ಲ," ಎಂದಳು. ನಾವಿಬ್ಬರೂ ಅಂದರೆ ತಾನು ಮತ್ತು ಆಯಿ. ಡಾಕ್ಟರು ನಕ್ಕು ಮುಂದಿನವರನ್ನು ಕರೆದರು.

ಗಣಿತದಲ್ಲಿ ಫೇಲಾಗಿ ಮತ್ತೆ ಕಟ್ಟಿ ಪಾಸಾದೆ. ಎರಡು ವರ್ಷಕ್ಕೆ ಹಲ್ಲಿನ ಡಾಕ್ಟರು ತೀರಿಕೊಂಡರು, ಮಾಲಿನಿಬಾಯಿ ತಂಗಿಯ ಹತ್ತಿರ ಕಲಕತ್ತಾಕ್ಕೆ ಹೊರಟಳು. ಸ್ಟೇಷನ್ನಿನಲ್ಲಿ ಆಯಿ ರೊಟ್ಟಿ ಗಂಟು ಕೊಟ್ಟು, ಕಣ್ಣೊರೆಸಿಕೊಂಡು, "ದಾರ್ಯಾಗ ತಣ್ಣೀರು ಕುಡೀಬ್ಯಾಡ್ರಿ ಮತ್ತ," ಎಂದಳು. ಇಬ್ಬರೂ ಅಳುತ್ತಲೇ ನಕ್ಕರು. ಆಟೋದಲ್ಲಿ ಅರ್ಧಕ್ಕೇ ನಿಂತ ಮಾತನ್ನು ಜನರ ನಡುವೆ ನಾನು ಹೇಳಲಿಲ್ಲ. ಒಂದು ಕಾರ್ಡು ಬಂತು, ಆಮೇಲೆ ಬರಲಿಲ್ಲ. ಆ ಮನೆಗಳೂ ಈಗಿಲ್ಲ, ಎರಡೂ ಜಾಗ ಕೂಡಿ ಒಂದು ಟೈಲ್ಸ್ ಅಂಗಡಿ ಎದ್ದಿದೆ.

ಮೂವತ್ತಾರನೇ ವಯಸ್ಸಿನಲ್ಲಿ, ಹೊಟ್ಟೆಯೊಳಗೆ ದುರ್ಬೀನು ಹಾಕಿ ನೋಡಿದ ಒಬ್ಬ ಲೇಡಿ ಡಾಕ್ಟರು ಹೇಳಿದರು: ಗರ್ಭಕೋಶದ ಒಳಪದರ ಹೊರಗೆಲ್ಲ ಬೆಳೆದು ಕರುಳಿಗೆ ಅಂಟಿಕೊಂಡಿದೆ, ಹುಡುಗಿಯಾಗಿದ್ದಾಗಿನಿಂದಲೇ ಇರಬೇಕು. ಉಷ್ಣವೂ ಅಲ್ಲ, ತಂಪೂ ಅಲ್ಲ. "ಇಷ್ಟು ವರ್ಷ ನಿಮ್ಮ ನೋವು ಯಾರೂ ನಂಬಲಿಲ್ಲೇನ್ರಿ?" ಎಂದು ಕೇಳಿದರು.

"ಇಬ್ಬರು ನಂಬಿದ್ರು ರೀ," ಎಂದೆ.

ಹೊರಗೆ ಬಂದು ರಿಪೋರ್ಟು ಹಿಡಿದು ಮೆಟ್ಟಿಲ ಮೇಲೆ ಕುಳಿತೆ. ಆಯಿ ಹೋಗಿ ಒಂಬತ್ತು ವರ್ಷವಾಗಿತ್ತು. ಮಾಲಿನಿಬಾಯಿ ಇದ್ದಾಳೋ ಇಲ್ಲವೋ ಹೇಳುವವರೇ ಇರಲಿಲ್ಲ. ಇಬ್ಬರೂ ಇದ್ದಿದ್ದರೆ ಆ ರಿಪೋರ್ಟನ್ನು ಕಸಿದುಕೊಂಡು, ನಾ ಹೇಳಿದ್ದೇ ಖರೇ ಆತು ಎಂದು ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದರು. ಆ ಜಗಳವನ್ನು ನಾನು ಎದ್ದು ಹೋಗದೆ, ಪೂರ್ತಿ ಕೂತು ಕೇಳುತ್ತಿದ್ದೆ.